ಜೂನ್ ಒಂದರ ರಾಜವಂಶ

ನನ್ನ ಸೋದರತ್ತೆ ಒಂದೇ ದಿನ ಹುಟ್ಟಿಸಿದಷ್ಟು ಮಕ್ಕಳನ್ನು ಈ ಭೂಮಿಯ ಮೇಲೆ ಇನ್ಯಾರೂ ಹುಟ್ಟಿಸಿಲ್ಲ! ಗಾಬರಿಯಾಗಬೇಡಿ. ಆಕೆಗೆ ಮದುವೆಯೇ ಆಗಿಲ್ಲ. ಮುರಗೋಡದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಕ್ಕೋರಾಗಿದ್ದವಳು. ಮಗನ ಹೆಸರು ಹಚ್ಚಲು ಬಂದ ತಾಯಂದಿರನ್ನು ಹುಟ್ಟಿದ ದಿನ ಯಾವುದೆಂದು ಕೇಳಿದರೆ, "ನಮ್ಮ ಎಮ್ಮಿ ಈದ ಮರುದಿನ ರೀ" ಎನ್ನುತ್ತಿದ್ದರು. ಎಮ್ಮೆಯ ದಾಖಲೆಯನ್ನು ಎಲ್ಲಿಂದ ತರುವುದು? ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದಳು. ಮುಟ್ಟಿದರೆ ಆರು ವರ್ಷ ತುಂಬಿತು, ಬರೆ ಜೂನ್ ಒಂದು! ಶಾಲೆ ಸುರುವಾಗುವ ಹೊತ್ತು, ಲೆಕ್ಕಕ್ಕೂ ಸಲೀಸು. ಅರ್ಧ ಮುರಗೋಡ ಅದೇ ತಾರೀಖಿನ ಮೇಲೆ ನೌಕರಿ, ಲಗ್ನ, ಆಧಾರ್ ಕಾರ್ಡು ಎಲ್ಲ ಮಾಡಿಕೊಂಡು ಸುಖವಾಗಿದೆ.

ಅತ್ತೆ ನಿವೃತ್ತಳಾಗಿ ರಾಮದುರ್ಗದ ನಮ್ಮ ಮನೆಗೆ ಬಂದಾಗ ನನ್ನ ಮಗ ಹತ್ತನೆಯ ಇಯತ್ತೆಯಲ್ಲಿದ್ದ. ಸದಾ ಟಿ.ವಿ.ಗೆ ಒಂದು ಡಬ್ಬಿ ಜೋಡಿಸಿಕೊಂಡು ವಿಡಿಯೋ ಗೇಮ್ ಆಡುತ್ತಿದ್ದ. ಪರೀಕ್ಷೆ ಮುಗಿಯುವವರೆಗೆ ಇದು ನನ್ನ ಬಳಿ ಇರಲಿ ಎಂದು ಅತ್ತೆ ಡಬ್ಬಿಯನ್ನು ಜಪ್ತಿ ಮಾಡಿ ಟ್ರಂಕಿನಲ್ಲಿಟ್ಟಳು. ಹುಡುಗ ಪಾಸಾದ, ಪಿಯುಸಿ ಮುಗಿಸಿದ, ಈಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಡಬ್ಬಿ ಇನ್ನೂ ವಾಪಸು ಬಂದಿಲ್ಲ! ಯಾಕೆಂದರೆ ಬೇಲಿಯೇ ಎದ್ದು ಹೊಲ ಮೇಯತೊಡಗಿತ್ತು. ಕೇಳಿದರೆ ಆಕೆಯ ಉತ್ತರ ತಯಾರು: "ಗುನ್ಹೆ ಏನಂತ ನೋಡದ ಶಿಕ್ಷಾ ಹೆಂಗ ಕೊಡೂದು?"

ಗುನ್ಹೆ ನೋಡಲು ಕುಳಿತವಳಿಗೆ ಸಿಕ್ಕಿದ್ದು ಏಳು ಭಾಗಗಳ ಒಂದು ರಾಜವಂಶದ ಕಥೆ. ಆದರೆ ಆಟ ತಯಾರಿಸಿದ ಪುಣ್ಯಾತ್ಮರು ಅದನ್ನು ಹಿಂದುಮುಂದು ಮಾಡಿ ಹೊರತಂದಿದ್ದರು. ಒಂದನೆಯ ಭಾಗದಲ್ಲಿ ಸತ್ತ ರಾಜ ಮೂರನೆಯದರಲ್ಲಿ ಮೀಸೆ ಚಿಗುರಿದ ಹುಡುಗ. ಐದನೆಯದರಲ್ಲಿ ಅವನ ಅಜ್ಜಿಗೆ ಮದುವೆ! ಪಾಠದ ಪುಸ್ತಕವನ್ನು ಹೀಗೆ ಛಾಪಿಸಿದರೆ ಮಕ್ಕಳ ಗತಿಯೇನು ಎಂದು ಅತ್ತೆ ಕೆಂಡವಾದಳು. ಹಳೆಯ ಕ್ಯಾಲೆಂಡರುಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಜೋಡಿಸಿ, ಹಿಂಬದಿಯಲ್ಲಿ ಯಾರು ಮೊದಲು ಹುಟ್ಟಿದರು, ಯಾವ ಯುದ್ಧ ಯಾವಾಗ, ಯಾರು ಯಾರಿಗೆ ವಿಷ ಹಾಕಿದರು ಎಂದು ಕ್ರಮವಾಗಿ ಬರೆಯತೊಡಗಿದಳು. ಆ ತಖ್ತೆ ಪಡಸಾಲೆಯ ಗೋಡೆಯನ್ನೆಲ್ಲ ನುಂಗಿ, ಬಾಗಿಲು ದಾಟಿ, ಅಡುಗೆಮನೆ ಹೊಕ್ಕು ರೊಟ್ಟಿಬುಟ್ಟಿಯ ನೆತ್ತಿಯ ಮೇಲೆ ನಿಂತಿತು.

ನನ್ನ ನಾದಿನಿಯ ಸಂಬಂಧ ಮಾತಾಡಲು ಕಟಕೋಳದಿಂದ ಹಿರಿಯರೊಬ್ಬರು ಬಂದಿದ್ದರು. ಪಾಪ, ಗೋಡೆಯ ಮುಂದೆ ಕೈಕಟ್ಟಿ ನಿಂತು ಭಕ್ತಿಯಿಂದ ಎಲ್ಲ ಓದಿದರು. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ನಿಮ್ಮ ಮನಿತನದಾಗ ಈ ವಿಷಾ ಹಾಕೂ ಪದ್ಧತಿ ಎಷ್ಟ್ ತಲಿಮಾರಿನಿಂದ ಐತ್ರೀ?" ಚಹಾ ಮುಟ್ಟದೆ ಎದ್ದು ಹೋದರು.

ಇದೇ ಹುಚ್ಚು ಹಿಡಿದವರು ಜಗತ್ತಿನ ತುಂಬ ಇದ್ದಾರೆ, ಅವರದೊಂದು ವೆಬ್‌ಸೈಟೂ ಇದೆ ಎಂದು ರಜೆಗೆ ಬಂದ ಮಗ ತೋರಿಸಿದ. ಅಲ್ಲಿಯ ದೊಡ್ಡ ಜಗಳವೆಂದರೆ ಕಥೆಯಲ್ಲಿ ಎರಡನೆಯ ಭಾಗ ಮೊದಲೋ, ನಾಲ್ಕನೆಯದು ಮೊದಲೋ ಎಂಬುದು. ಅತ್ತೆ ಪರದೆಯನ್ನು ನಿಲ್ಲಿಸಿ, ಚಷ್ಮಾ ಏರಿಸಿ ರಾಜಕುಮಾರಿಯ ಬಾಯಿ ನೋಡಿದಳು. ನಾಲ್ಕನೆಯದರಲ್ಲಿ ಮುಂದಿನ ಎರಡು ಹಲ್ಲಿಲ್ಲ, ಎರಡನೆಯದರಲ್ಲಿ ಹೊಸ ದೊಡ್ಡ ಹಲ್ಲು ಬಂದಿವೆ. ಒಂದನೆಯ ಇಯತ್ತೆಗೆ ಬೀಳುತ್ತವೆ, ಎರಡನೆಯದಕ್ಕೆ ಬರುತ್ತವೆ. ಆದ್ದರಿಂದ ನಾಲ್ಕೇ ಮೊದಲು ಎಂದು ತೀರ್ಪು ಕೊಟ್ಟಳು. ನಾನು ಅದನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಇಷ್ಟು ವರ್ಷ ಬರೀ ಖಡ್ಗ, ಕಿರೀಟ ನೋಡಿದೆವು, ಹಲ್ಲು ನೋಡಲಿಲ್ಲವಲ್ಲ ಎಂದು ಆ ಮಂದಿ ಹಣೆ ಬಡಿದುಕೊಂಡರು. ಓದಿ ಹೇಳಿದೆ. "ಹಲ್ಲ ನೋಡದ ಎತ್ತು ಸೈತ ಯಾರೂ ಕೊಳ್ಳೂದಿಲ್ಲ" ಎಂದಳು ಅತ್ತೆ.

ಹೀಗೆ ಹೊಗಳಿಸಿಕೊಂಡ ಮೇಲೆ ಇಡೀ ತಖ್ತೆಯನ್ನೇ ಅವರಿಗೆ ಕಳಿಸಿದೆವು. ಅಲ್ಲೇ ಎಡವಟ್ಟಾಯಿತು. ಹುಟ್ಟಿದ ದಿನ ಗೊತ್ತಿಲ್ಲದ ಪಾತ್ರಗಳು ಅರವತ್ತು ಚಿಲ್ಲರೆ ಇದ್ದವು. ಕೈಗೆ ಬಿದ್ದ ರೂಢಿ ಬಿಡುತ್ತದೆಯೇ? ರಾಜ, ಮಂತ್ರಿ, ಮಾಟಗಾತಿ, ಕೊನೆಗೆ ಎರಡು ತಲೆಯ ರಾಕ್ಷಸನಿಗೂ ಅತ್ತೆ ಜೂನ್ ಒಂದನ್ನೇ ದಯಪಾಲಿಸಿದ್ದಳು! ಟೈಪು ಮಾಡಿದ ನನಗೂ ಅದು ವಿಚಿತ್ರವೆನಿಸಲಿಲ್ಲ. ನಾನು ಹುಟ್ಟಿದ್ದೂ ಜೂನ್ ಒಂದಕ್ಕೇ.

ವಾರದೊಳಗೆ ಆ ದಿನದ ರಹಸ್ಯದ ಬಗ್ಗೆ ಉದ್ದುದ್ದ ಲೇಖನಗಳು ಬಂದವು. ಅದು ಶಾಪದ ದಿನ ಎಂದು ಒಬ್ಬ, ನಕ್ಷತ್ರ ಬಿದ್ದ ದಿನ ಎಂದು ಇನ್ನೊಬ್ಬ. ಕೊನೆಗೆ ಅಲ್ಲಿಯ ಹಿರಿಯನೊಬ್ಬ ಪುರಾವೆ ಕೇಳಿದ. ಕೊಡದಿದ್ದರೆ ಇಡೀ ತಖ್ತೆಯನ್ನು ತೆಗೆದುಹಾಕುತ್ತೇವೆ ಎಂದ. ಐದು ವರ್ಷದ ದುಡಿತ! ಅತ್ತೆ ಅಂದು ಊಟ ಮಾಡಲಿಲ್ಲ. "ಸುಳ್ಳ ಬರದೇನಿ. ಖರೇ ಏನೈತಿ ಹೇಳಿಬಿಡು" ಎಂದಳು.

ಕಿವಿ, ಎಮ್ಮೆ, ಜೂನ್ ಒಂದು ಎಲ್ಲವನ್ನೂ ಬರೆದೆ. ಅವರು ಬಿದ್ದು ಬಿದ್ದು ನಕ್ಕರು, ತಖ್ತೆಯನ್ನು ಉಳಿಸಿಕೊಂಡರು. ಅವರಲ್ಲಿ ಒಬ್ಬಾಕೆ ಮಾತ್ರ, ತಖ್ತೆಯ ಕೆಳಗೆ ನಿಮ್ಮ ಟೀಚರರ ಹೆಸರು, ಹುಟ್ಟಿದ ದಿನ ಹಾಕುತ್ತೇವೆ, ಖರೆ ದಿನ ಯಾವುದು ಎಂದು ಕೇಳಿದಳು.

ಅತ್ತೆಯದೂ ಜೂನ್ ಒಂದೇ! ಯಾರೋ ಮಾಸ್ತರರು ಅವಳ ಕಿವಿಯನ್ನೂ ಮುಟ್ಟಿಸಿದ್ದರು. ಆಕೆಗೆ ಎರಡು ತುಂಬುವ ಮೊದಲೇ ನನ್ನ ಅಜ್ಜಿ ತೀರಿಕೊಂಡಿದ್ದಳು. ಹೇಳಬಹುದಾಗಿದ್ದ ನನ್ನ ಅಪ್ಪನೂ ಈಗಿಲ್ಲ. "ಬಿಡು, ಯಾರ್ನ ಕೇಳೂದು" ಎಂದು ಅತ್ತೆ ಒಳಗೆ ಹೋದಳು. ಊರಿಗೆಲ್ಲ ತಾರೀಖು ಹಂಚಿದವಳ ಬಳಿ ತನ್ನದೊಂದಿರಲಿಲ್ಲ. ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಆಗ ನೆನಪಾಯಿತು, ತಖ್ತೆಯ ಹಿಂದೆ ಒಂದು ಹಳೆಯ ಫೋಟೋ ತೂಗುತ್ತಿತ್ತಲ್ಲ! ಕಾಗದ ಎತ್ತಿ ಅದನ್ನು ತೆಗೆದು ಧೂಳು ಒರೆಸಿದೆ. ಅಜ್ಜಿ, ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುವ ನನ್ನಪ್ಪ.

"ಅತ್ತಿ, ಪುರಾವೆ ಸಿಕ್ಕೈತಿ, ಬಾ" ಎಂದು ಕರೆದೆ. ಆಕೆ ಕಲಿಸಿದಂತೆಯೇ ಪಾಠ ಒಪ್ಪಿಸಿದೆ. ಆಕೆಯ ಅಣ್ಣನ ಹಲ್ಲು ಬಿದ್ದಿವೆ, ಅಂದರೆ ಒಂದನೆಯ ಇಯತ್ತೆ, ಅದರಿಂದ ವರ್ಷ ತಿಳಿಯುತ್ತದೆ. ಕೂಸಿನ ಕೊರಳಲ್ಲಿ ಕುಸುರೆಳ್ಳಿನ ಸರ. ಅಂದರೆ ಅದರ ಮೊದಲ ಸಂಕ್ರಾಂತಿ. ಅಜ್ಜಿಯ ಅಂಗೈ ಕೂಸಿನ ತಲೆಯ ಕೆಳಗಿದೆ. ಕುತ್ತಿಗೆ ಇನ್ನೂ ನಿಂತಿಲ್ಲ, ಎರಡು ತಿಂಗಳಿದ್ದೀತು. ಹಾಗಾದರೆ ದೀಪಾವಳಿಯ ಆಚೆ, ಕಾರ್ತಿಕದ ಗೌರಿ ಹುಣ್ಣಿಮೆಯ ಆಸುಪಾಸು!

ಅತ್ತೆ ಚಷ್ಮಾ ಏರಿಸಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಪ್ಪು ಹುಡುಕುತ್ತಾಳೆಂದು ನಾನು ಕಾದೆ. ಹಲ್ಲು ನೋಡಲಿಲ್ಲ, ಸರ ನೋಡಲಿಲ್ಲ. ಗಾಜಿನ ಮೇಲೆ ಅಜ್ಜಿಯ ಅಂಗೈ ಇದ್ದಲ್ಲಿ ಬೆರಳಿಟ್ಟಳು.

"ಅವ್ವ ನನ್ನ ಹಿಡಕೊಂಡಾಳ" ಎಂದಳು.

ತಾರೀಖು ಬರೆದು ಕಳಿಸಲೇ ಎಂದು ಕೇಳಿದೆ.

"ತಡಿ," ಎಂದಳು ಅತ್ತೆ. "ಇನ್ನೂ ನೋಡಾಕ್ಹತ್ತೇನಿ."