ಜಪಾನಿನ ಬಾಗಿಲು, ಕೇಶ್ವಾಪುರದ ರೊಟ್ಟಿ

ನಮ್ಮ ಮನೆಗೆ ಯಾವ ಸಾಮಾನೂ ಹೊಸದಾಗಿ ಬರುವುದಿಲ್ಲ, ಬಂದ ಮೇಲೆ ಸುಮ್ಮನೆಯೂ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನು ಕಂಡರೆ ನನ್ನ ಕೈ ನಿಲ್ಲುವುದಿಲ್ಲ, ಅದೇ ಕಾರಣ. ಅಪ್ಪ ಇದ್ದಾಗ, ನಾನು ತಂದ ಹಳೆಯ ಫ್ರಿಜ್ಜು, ಹಳೆಯ ಮೊಪೆಡ್ಡು, ಎಲ್ಲವನ್ನೂ ಚಪ್ಪಲಿ ಕಾಲಿನಿಂದ ಒಮ್ಮೆ ಒದ್ದು ನೋಡಿ, "ಇದು ಯಾರ ಮನಿ ಕಸಾನೋ?" ಎಂದು ಕೇಳಿದ ಮೇಲೆಯೇ ಒಳಗೆ ಬಿಡುತ್ತಿದ್ದರು. ಅಪ್ಪ ಹೋದರು. ಇನ್ನು ಕೇಳುವವರಿಲ್ಲ ಎಂಬ ಧೈರ್ಯದಿಂದ ನಾನು ಎಸ್‌ಯುವಿ ತಂದೆ.

ನನ್ನ ಹೆಂಡತಿ ಕೇಶ್ವಾಪುರದಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿ. ನಾನು ಅದರ ಡ್ರೈವರ್, ಹಮಾಲ ಮತ್ತು ಬೈಸಿಕೊಳ್ಳುವವನು. ರೊಟ್ಟಿ ಸಾಗಿಸಲು ಅವಳು ಒಂದು ಸಣ್ಣ ಟೆಂಪೋ ಕೇಳಿದ್ದಳು. ಅದೇ ಹೊತ್ತಿಗೆ ಜಪಾನಿನಲ್ಲಿದ್ದು ಬಂದವರೊಬ್ಬರು ಅಲ್ಲಿಂದ ತಂದಿದ್ದ ತಮ್ಮ ಹಳೆಯ ಗಾಡಿ ಮಾರುತ್ತಿದ್ದಾರೆಂದು ಗೊತ್ತಾಯಿತು. ಅದರ ಡಿಕ್ಕಿಯಲ್ಲಿ ಒಂದು ಮದುವೆಯ ರೊಟ್ಟಿ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಟನ್ ಒತ್ತಿದರೆ ಡಿಕ್ಕಿಯ ಬಾಗಿಲು ತಾನೇ ಮೇಲೇಳುತ್ತದೆ, ಮತ್ತೆ ಒತ್ತಿದರೆ ತಾನೇ ಇಳಿದು ಮುಚ್ಚಿಕೊಳ್ಳುತ್ತದೆ. ನಾನು ಸೋತದ್ದೇ ಅಲ್ಲಿ.

ಪೂಜೆ

ಗಾಡಿ ಬಂದ ದಿನ ಓಣಿಯೆಲ್ಲ ಸೇರಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು. ಅಷ್ಟರಲ್ಲಿ ಅವ್ವ ಒಳಗಿನಿಂದ ಅಪ್ಪನ ಹಳೆಯ ಚಪ್ಪಲಿಯೊಂದನ್ನು ಕರಿದಾರಕ್ಕೆ ಕಟ್ಟಿಕೊಂಡು ಬಂದಳು. ಗಟ್ಟಿ ತೊಗಲು, ಅಡಿಗೆ ಕಬ್ಬಿಣದ ಮೊಳೆ. ಅದನ್ನು ಹಿಂದಿನ ಬಂಪರಿನ ಕೆಳಗೆ ಜೋತುಬಿಟ್ಟಳು.

"ಅವ್ವಾ, ಲಾರಿಗೆ ಕಟ್ಟಿದಂಗ ಇಂಥಾ ಗಾಡಿಗೆ ಯಾರರ ಚಪ್ಪಲಿ ಕಟ್ಟತಾರೇನ?" ಎಂದೆ.

"ಇಂಥಾ ಗಾಡಿಗೇ ಜಾಸ್ತಿ ಕಣ್ಣು ಬೀಳತಾವು. ಸುಮ್ನಿರು."

ಸರಿ, ಜನರಿಗೆ ತೋರಿಸಬೇಕಲ್ಲ, ಬಟನ್ ಒತ್ತಿದೆ. ಬಾಗಿಲು ಗಂಭೀರವಾಗಿ ಮೇಲೆದ್ದಿತು. ಹೆಂಗಸರು "ಅಬ್ಬಬ್ಬಾ" ಎಂದರು. ಮುಚ್ಚಲು ಒತ್ತಿದೆ. ಅರ್ಧ ಇಳಿದ ಬಾಗಿಲು ನಿಂತಿತು. ಗಾಡಿಯೊಳಗಿನಿಂದ ಒಬ್ಬ ಹೆಣ್ಣುಮಗಳು ಜಪಾನಿ ಭಾಷೆಯಲ್ಲಿ ಏನೋ ವಿನಯದಿಂದ ಹೇಳಿದಳು. ಬಾಗಿಲು ಮತ್ತೆ ಮೇಲೆ ಹೋಯಿತು. ಎಷ್ಟು ಸಲ ಒತ್ತಿದರೂ ಅದೇ ಕತೆ. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಒಂದು ಸಣ್ಣ ಟೆಂಪೋ ನಿಂತಿತ್ತು.

"ಒಳಗ ಯಾರದಾರೋ?" ಎಂದು ಪಕ್ಕದ ಮನೆಯ ಕಾಕಾ ಬಗ್ಗಿ ನೋಡಿದರು.

"ಗಾಡಿನೇ ಮಾತಾಡತೈತ್ರಿ ಕಾಕಾ. ಜಪಾನಿ ಭಾಷಾ. ಬದಲಿಸಾಕ ಬರವಲ್ದು."

ಅವ್ವನಿಗೆ ಮಾತ್ರ ಕರುಣೆ ಬಂತು. "ಇರಲಿ ಬಿಡು ಪಾಪ. ಊರಿಗೆ ಬಂದಾಕಿ ನೀರಿಗೆ ಬರದs ಇರತಾಳೇನು? ನಾಕು ದಿನ ನಮ್ಮ ಮನ್ಯಾಗಿದ್ರ ಕನ್ನಡ ತಾನೇ ಕಲೀತಾಳ."

ಗ್ಯಾರೇಜು

ವಿದೇಶಿ ಗಾಡಿ ರಿಪೇರಿ ಮಾಡುವವರೊಬ್ಬರು ನವನಗರದಲ್ಲಿದ್ದಾರೆಂದು ತಿಳಿದು ಅಲ್ಲಿಗೆ ಹೊರಟೆ. ಗೇಟಿನ ಹತ್ತಿರ ಬಂದಾಗ ನಾಚಿಕೆಯಾಯಿತು. ಒಳಗೆ ಮಿರಿಮಿರಿ ಮಿಂಚುವ ಗಾಡಿಗಳು, ನನ್ನ ಗಾಡಿಗೆ ಜೋತಾಡುವ ಚಪ್ಪಲಿ. ಇಳಿದು ದಾರ ಬಿಚ್ಚಿ, ಚಪ್ಪಲಿಯನ್ನು ಸೀಟಿನ ಕೆಳಗೆ ಬಚ್ಚಿಟ್ಟೆ.

ಮೆಕ್ಯಾನಿಕ್ ಬಟನ್ ಒತ್ತಿದ. ಬಾಗಿಲು ತೆರೆಯಿತು. ಮತ್ತೆ ಒತ್ತಿದ. ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಅವನು ಕಂಪ್ಯೂಟರ್ ಜೋಡಿಸಿ ನೋಡಿದ, ಬಾಗಿಲು ಎತ್ತುವ ರಾಡು ನೋಡಿದ, ಲಾಕು ನೋಡಿದ.

"ಏನೂ ಆಗಿಲ್ರಿ ಸರ. ಛಲೋ ಐತಿ."

"ಮನ್ಯಾಗ ಮುಚ್ಚವಲ್ದ್ರೀ. ದೇವರಾಣಿ."

ಅವನು ಸುಮ್ಮನಿರಲಾರದೆ ಒಂದಿಷ್ಟು ಗ್ರೀಸು ಹಚ್ಚಿ ಕಳಿಸಿದ. ಮನೆಗೆ ಬಂದ ಕೂಡಲೇ ಅವ್ವ ಬಂಪರಿನ ಕೆಳಗೆ ನೋಡಿ, "ಎಲ್ಲೈತೋ?" ಎಂದು ಜೋರು ಮಾಡಿದಳು. ಸೀಟಿನ ಕೆಳಗಿನಿಂದ ತೆಗೆದುಕೊಟ್ಟೆ. ಮೊದಲಿಗಿಂತ ಗಟ್ಟಿಯಾಗಿ ಕಟ್ಟಿದಳು. ಸಂಜೆಗೆ ಬಾಗಿಲು ಮತ್ತೆ ಅರ್ಧಕ್ಕೆ ನಿಂತು, ಜಪಾನಿನವಳು ಮಾತಾಡಿ, ಮೇಲೆ ಹೋಯಿತು.

ಹೀಗೆ ನಾನು ಮತ್ತೆ ಮತ್ತೆ ನವನಗರಕ್ಕೆ ಹೋದೆ. ಪ್ರತಿ ಸಲ ಗೇಟಿನಲ್ಲಿ ಚಪ್ಪಲಿ ಬಿಚ್ಚಿದೆ, ಪ್ರತಿ ಸಲ ಅಲ್ಲಿ ಬಾಗಿಲು ಸರಿ ಇತ್ತು. ಡಾಕ್ಟರ ಮುಖ ಕಂಡ ಕೂಡಲೇ ಜ್ವರ ಬಿಡುವ ಮಕ್ಕಳಿರುತ್ತಾರಲ್ಲ, ಹಾಗೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನನ್ನ ಬೆರಳಿನಲ್ಲೇ ಏನೋ ದೋಷವಿದೆ ಎಂದು ಹೆದರಿ, ಮನೆಯ ಟಿವಿ ರಿಮೋಟನ್ನೂ ಹೆಂಡತಿಯ ಕೈಯಿಂದಲೇ ಒತ್ತಿಸತೊಡಗಿದೆ.

ಕೊನೆಗೆ ಮೆಕ್ಯಾನಿಕ್ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಸರ, ಗಾಡಿದೇನೂ ತಪ್ಪಿಲ್ಲ. ನಿಮ್ಮ ಮನಿ ವಾಸ್ತು ಒಮ್ಮಿ ತೋರಸ್ರಿ."

ಆಕಳು

ಗರಗದಲ್ಲಿ ಒಂದು ಮನೆಯ ತೊಟ್ಟಿಲು ಕಾರ್ಯಕ್ಕೆ ರೊಟ್ಟಿ ಒಯ್ಯಬೇಕಿತ್ತು. ಬಾಗಿಲನ್ನು ಕೈಯಿಂದ ಒತ್ತಿ ಹೇಗೋ ಕೂರಿಸಿ ಹೊರಟೆವು. ಊರು ಮುಟ್ಟುವ ಮೊದಲು ರಸ್ತೆ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯೋಣ ಎಂದು ಇಳಿದೆವು. ನಾನು ಗಾಡಿಯ ಹಿಂದಿನಿಂದ ಹಾದು ಹೋಗುವಾಗ ಒಂದು ಲಾರಿ ಗಾಳಿ ಎಬ್ಬಿಸಿಕೊಂಡು ಹೋಯಿತು. ಆ ಸದ್ದಿನಲ್ಲಿ ಬೇರೇನೂ ಕೇಳಲಿಲ್ಲ.

ಚಹಾ ಮುಗಿಸಿ ತಿರುಗಿ ನೋಡಿದರೆ ಬಾಗಿಲು ಆಕಾಶ ನೋಡುತ್ತಿದೆ, ಆಕಳೊಂದು ಡಿಕ್ಕಿಯಲ್ಲಿ ಕುತ್ತಿಗೆ ಹಾಕಿ ನಿಂತಿದೆ. ಒಳಗಿನಿಂದ ಕಟರ್ ಕಟರ್ ಎಂಬ ಸದ್ದು. ಜಪಾನಿನವಳು ಆಕಳಿಗೂ ಅದೇ ವಿನಯದಿಂದ ಏನೋ ಹೇಳುತ್ತಿದ್ದಳು.

ಹೆಂಡತಿ ಓಡಿಹೋಗಿ ಆಕಳನ್ನು ಅಟ್ಟಿದಳು. ಮೇಲಿನ ಬುಟ್ಟಿ ಖಾಲಿ. ಅವಳ ಕಣ್ಣಲ್ಲಿ ನೀರು ಬಂತು. "ಇವತ್ತ ಕಡಿಮಿ ಬಿದ್ದ ರೊಟ್ಟಿ ಏನರ ಹೇಳಿ ಮುಚ್ಚತೀನ್ರೀ. ಬರೋ ವಾರ ಧಾರವಾಡದ ಮದುವಿ ಐತಿ. ಆ ಅಡಗಿ ಗುತ್ತಿಗಿದಾರ್ರು ಮೊದಲನೇ ಸಲ ನಂಬಿ ಕೊಟ್ಟಾರ. ಅಲ್ಲೇನರ ಹಿಂಗಾದ್ರ ನನ್ನ ಹೆಸರು ಹೋತು. ಮುಂದ ಯಾರೂ ಕರಿಯೂದಿಲ್ಲ." ಕಣ್ಣು ಒರೆಸಿಕೊಂಡು ಹೇಳಿದಳು: "ಆ ದಿನ ಈ ಬಾಗ್ಲಾ ಆಟಾ ಆಡಿದ್ರ, ಮನ್ಯಾಗ ಒಂದು ಗಾಡಿ ಇರಬೇಕು, ಇಲ್ಲಾ ನಾ ಇರಬೇಕು."

ಅವಳು ಬೆಂಕಿಯ ಮುಂದೆ ಕೂತು ಕಟ್ಟಿದ ಹೆಸರು ಅದು, ಸೆಕೆಂಡ್ ಹ್ಯಾಂಡ್ ಅಲ್ಲ.

ಚಹಾ ಅಂಗಡಿಯವರು ಸಮಾಧಾನ ಹೇಳಲು ಬಂದರು: "ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ನಮ್ಮ ಆಕಳ ಸುಮ್‌ಸುಮ್ಕ ಎಲ್ಲಾರ ಮನಿ ರೊಟ್ಟಿ ಮುಟ್ಟಂಗಿಲ್ಲ. ನಿಮ್ಮ ರೊಟ್ಟಿ ಖರೇನ ಛಲೋ ಅದಾವ."

ಅರ್ಥ

ಗಾಡಿಯೊಳಗಿನ ಆ ಹೆಣ್ಣುಮಗಳು ಏನು ಹೇಳುತ್ತಾಳೆಂದು ತಿಳಿದರೆ ದಾರಿ ಸಿಕ್ಕೀತು ಎನ್ನಿಸಿತು. ಮದುವೆಗೆ ಎರಡು ದಿನ ಇರುವಾಗ ಬಾಗಿಲು ತೆರೆದು, ಭಾಷಾಂತರ ಮಾಡುವ ಮೊಬೈಲನ್ನು ಸ್ಪೀಕರಿಗೆ ಹಿಡಿದೆ. ಹೆಂಡತಿ ಹಿಂದೆ ನಿಂತಿದ್ದಳು. ಅವ್ವ ಮೊಣಕಾಲು ನೋವೆಂದು ಗಾಡಿಯ ಹತ್ತಿರವೇ ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದಳು. ಬಟನ್ ಒತ್ತಿದೆ. ಬಾಗಿಲು ಅರ್ಧಕ್ಕೆ ನಿಂತಿತು, ಜಪಾನಿನವಳು ಮಾತಾಡಿದಳು. ಮೊಬೈಲಿನಲ್ಲಿ ಕನ್ನಡ ಮೂಡಿತು. ನಾನು ದೊಡ್ಡ ದನಿಯಲ್ಲಿ ಓದಿದೆ: "ದಯವಿಟ್ಟು ನಿಮ್ಮ ಕಾಲನ್ನು ದೂರ ಇಡಿ."

ಎಲ್ಲರೂ ಅವ್ವನ ಕಾಲು ನೋಡಿದೆವು.

"ಯಾರ ಕಾಲು? ನನ್ನ ಕಾಲಾ?" ಅವ್ವ ಕೆಂಡವಾದಳು.

"ಅವ್ವಾ, ಸ್ವಲ್ಪ ಹಿಂದ ಸರಿ, ನೋಡೂಣು."

ಗೊಣಗುತ್ತ ಅವ್ವ ಸರಿದಳು. ಹೆಂಡತಿ ಸರಿದಳು. ನಾನು ಕಟ್ಟೆ ಹತ್ತಿ ನಿಂತು ದೂರದಿಂದ ಬಟನ್ ಒತ್ತಿದೆ. ಅಂಗಳದಲ್ಲಿ ಒಂದೂ ಕಾಲಿಲ್ಲ. ಆದರೂ ಬಾಗಿಲು ಅರ್ಧಕ್ಕೆ ನಿಂತು ಅದನ್ನೇ ಹೇಳಿತು.

"ನೋಡ್ದಿ? ಬರೇ ಸುಳ್ಳ ಹೇಳತಾಳ!" ಎಂದಳು ಅವ್ವ. ಆಕೆಯ ಮೇಲಿದ್ದ ಕರುಣೆಯೆಲ್ಲ ಅಂದೇ ಮುಗಿಯಿತು. "ಸೊಸಿ ಕಡೆ ಇವತ್ತಿನ ತನಕ ಒಂದು ಮಾತು ಅನಸ್ಕೊಂಡಿಲ್ಲ. ಇನ್ನ ಡಿಕ್ಕಿ ಕಡೆ ಅನಸ್ಕೋತೀನೇನು?"

ಮದುವೆ

ಮದುವೆಯ ದಿನ ರೊಟ್ಟಿಯ ಬುಟ್ಟಿಗಳಿಗೆ ಬಿಳಿ ಬಟ್ಟೆ ಸುತ್ತಿ ಡಿಕ್ಕಿ ತುಂಬಿದೆವು. ಬಾಗಿಲನ್ನು ಹಗ್ಗ ಹಾಕಿ ಬಿಗಿದೆ. ದೃಷ್ಟಿ ಇನ್ನೂ ಹೋಗಿಲ್ಲವೆಂದು ಅವ್ವ ಚಪ್ಪಲಿಯ ದಾರ ಇನ್ನಷ್ಟು ಉದ್ದ ಬಿಟ್ಟಳು. ಹುಬ್ಬಳ್ಳಿಯಿಂದ ಧಾರವಾಡದ ತನಕ ನಾನು ಮುಂದಿನ ರಸ್ತೆಗಿಂತ ಹಿಂದಿನ ಕನ್ನಡಿಯನ್ನೇ ಹೆಚ್ಚು ನೋಡಿದೆ.

ಕಲ್ಯಾಣ ಮಂಟಪದ ಬಾಗಿಲಲ್ಲಿ ಅಡುಗೆ ಗುತ್ತಿಗೆದಾರರು ಕಾಯುತ್ತಿದ್ದರು. ಹಗ್ಗ ಬಿಚ್ಚಿ ಬಾಗಿಲು ತೆರೆದೆ. ಅವರು ಬುಟ್ಟಿಗಳನ್ನು ಡಿಕ್ಕಿಯ ಅಂಚಿನ ಆಚೆಗೆ ಎಳೆದು, ತಲೆ ಒಳಗೆ ಹಾಕಿ ಬಟ್ಟೆ ಸರಿಸಿ ನೋಡತೊಡಗಿದರು. ಸರಿಯಾಗಿ ಅದೇ ಹೊತ್ತಿಗೆ ವರನ ದಿಬ್ಬಣ ಬ್ಯಾಂಡು ಬಾರಿಸುತ್ತ ನಮ್ಮ ಹಿಂದೆ ಬಂತು. ಕುಣಿಯುವ ಹುಡುಗರು ಗಾಡಿಗೆ ಮೈ ತಾಗಿಸಿದರು. ಗಾಡಿ ಅಲುಗಾಡಿತು.

ಬಾಗಿಲು ಇಳಿಯತೊಡಗಿತು.

"ಸರೀರಿ!" ಎಂದು ಚೀರಿ ಗುತ್ತಿಗೆದಾರರನ್ನು ಹಿಂದಕ್ಕೆಳೆದೆ. ಬಾಗಿಲು ಬುಟ್ಟಿಗಳ ಮೇಲೆ ಕೂರುವಷ್ಟರಲ್ಲಿ ನಿಂತು ಮೇಲೆ ಹೋಯಿತು. ಮತ್ತೆ ಇಳಿಯಿತು. ಮತ್ತೆ ಏರಿತು. ಹುಡುಗರಿಗೆ ಹುಚ್ಚು ಆನಂದ. "ಗಾಡಿ ಕುಣ್ಯಾಕತ್ತೈತಿ ನೋಡ್ರೋ!" ಎಂದು ಅದರ ಜೊತೆಗೇ ಕುಕ್ಕರಿಸಿ ಏಳತೊಡಗಿದರು. ಬ್ಯಾಂಡಿನವರು ಜೋರು ಮಾಡಿದರು. ಒಂದು ಸಲ ಬಾಗಿಲು ಪೂರ್ತಿ ಕೂತರೆ ಅಷ್ಟೂ ರೊಟ್ಟಿ ಪುಡಿ, ಜೊತೆಗೆ ನನ್ನ ಸಂಸಾರ.

ಜಪಾನಿನವಳು ಮಾತಾಡಿದಳು. ಹೆಂಡತಿ ಒಮ್ಮೆಲೇ, "ಕಾಲು! ಯಾರದೋ ಕಾಲು ಐತ್ರಿ!" ಎಂದು ರೇಷ್ಮೆ ಸೀರೆಯಲ್ಲೇ ರಸ್ತೆಯ ಮೇಲೆ ಮೊಣಕಾಲೂರಿ ಬಂಪರಿನ ಕೆಳಗೆ ನೋಡಿದಳು. ಅಲ್ಲಿ ಅಪ್ಪನ ಚಪ್ಪಲಿ ಹಿಂದೆ ಮುಂದೆ ತೂಗಾಡುತ್ತಿತ್ತು. ಅವಳು ಕೈಯಲ್ಲಿ ಹಿಡಿದಳು. ಬಾಗಿಲು ನಿಂತಿತು. ಬಿಟ್ಟಳು. ಚಪ್ಪಲಿ ತೂಗಿತು, ಬಾಗಿಲು ಹೊರಟಿತು. ಅವಳು ದಾರ ಹರಿದು ಚಪ್ಪಲಿ ಕೈಗೆ ತೆಗೆದುಕೊಂಡಳು. ಅಲ್ಲಿಂದ ಮುಂದೆ ಬಾಗಿಲು ನಾನು ಹೇಳಿದಂತೆ ಕೇಳಿತು.

ಒಂದು ರೊಟ್ಟಿಯೂ ಮುರಿದಿರಲಿಲ್ಲ. ಊಟವಾದ ಮೇಲೆ ಗುತ್ತಿಗೆದಾರರು ಹೆಂಡತಿಗೆ, "ಅಕ್ಕಾರ, ಮುಂದಿನ ಮದುವಿಗೂ ನೀವೇ ಕೊಡ್ರಿ" ಎಂದರು. ನನ್ನ ಕಡೆ ತಿರುಗಿ, "ಗಾಡಿನೂ ತರ್ರಿ. ಹುಡುಗೂರು ಕೇಳಾಕತ್ತಾರ" ಎಂದರು.

ಆ ಗಾಡಿಯ ಬಂಪರಿನ ಕೆಳಗೆ ಒಂದು ಕಣ್ಣಿದೆಯಂತೆ. ಕೈತುಂಬ ಸಾಮಾನಿದ್ದಾಗ, ಕೀಲಿ ಜೇಬಿನಲ್ಲಿದ್ದರೆ, ಅಲ್ಲಿ ಕಾಲು ಆಡಿಸಿದರೆ ಸಾಕು, ಮುಚ್ಚಿದ ಬಾಗಿಲು ತೆರೆಯುತ್ತದೆ, ತೆರೆದದ್ದು ಮುಚ್ಚಿಕೊಳ್ಳುತ್ತದೆ. ಮುಚ್ಚುವಾಗ ಆಡಿಸಿದರೆ ತಿರುಗಿ ಮೇಲೆ ಹೋಗುತ್ತದೆ. ಬಾಗಿಲು ಇಳಿಯುವ ಅದುರಿಗೆ ತೂಗಿದ ಚಪ್ಪಲಿಯೂ ಅದಕ್ಕೆ ಕಾಲೇ. ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ: "ಅದು ಎಲ್ಲಾರಿಗೂ ಗೊತ್ತಿರೂದೇ ಅಲ್ರೀ ಸರ!"

ಮನೆಗೆ ಬಂದು ಅಂಜುತ್ತಲೇ ಚಪ್ಪಲಿಯನ್ನು ಅವ್ವನ ಮುಂದಿಟ್ಟೆ. "ಅವ್ವಾ, ಕೆಟ್ಟಿದ್ದು ಬಾಗ್ಲಾ ಅಲ್ಲ. ಇಷ್ಟು ದಿನ ಈ ಚಪ್ಪಲಿ ಗಾಡಿನ್ನ ಒದ್ಯಾಕತ್ತಿತ್ತು" ಎಂದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವ್ವ ಚಪ್ಪಲಿಯನ್ನು ತೊಡೆಯ ಮೇಲೆ ತೆಗೆದುಕೊಂಡು, ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ಸಣ್ಣಗೆ ನಕ್ಕಳು.

"ನೀ ಹಳೇ ಸಾಮಾನು ತಂದೀ ಅಂದ್ರ ಅವರು ಯಾವತ್ತು ಒದೀದs ಒಳಗ ಬಿಟ್ಟಾರೋ, ತಮ್ಮಾ?"