ರುದ್ರಮುನಿ ಬಳಿಗಾರನ ರಬ್ಬರ್ ವಿಜಯ

ಕುಳಿತವರು ಕುಳಿತೇ ಇರಿ, ನಿಂತವರು ಗೋಡೆಗೆ ಒರಗಿಕೊಳ್ಳಿ. ಸಮುದ್ರ ದಾಟಿದವರನ್ನೂ ಕೋಟೆ ಕೆಡವಿದವರನ್ನೂ ಹಾಡಿ ಹಾಡಿ ದಣಿದ ವಾಗ್ದೇವಿಯು, ಹುಬ್ಬಳ್ಳಿ ಮಹಾನಗರದ ಕೇಶ್ವಾಪುರದೊಳಗೆ, ತೆರೆದ ಬಾನೆಟ್ಟಿನಲ್ಲಿ ಸೊಂಟದವರೆಗೆ ಮುಳುಗಿರುವ ಒಬ್ಬ ವೀರನತ್ತ ಇದೀಗ ತನ್ನ ಕೃಪಾದೃಷ್ಟಿಯನ್ನು ಹೊರಳಿಸಿದ್ದಾಳೆ. ಅವಳಿಗೆ ಇಂದು ಬೇರೆ ಕೆಲಸವಿಲ್ಲವೆಂದು ತೋರುತ್ತದೆ.

ಆತನೇ ರುದ್ರಮುನಿ ಬಳಿಗಾರ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ನಿವೃತ್ತ ಪ್ರಾಚಾರ್ಯ, ಕಣ್ಣು ಮುಚ್ಚಿ ನಿಮಿಷಕ್ಕೆ ಅರವತ್ತು ಶಬ್ದ ಬಡಿಯುತ್ತಿದ್ದ ದಶಾಂಗುಲಿಸೇನೆಯ ಅಧಿಪತಿ, ಸ್ಕ್ರೂಡ್ರೈವರ್-ಶೋಭಿತ-ದಕ್ಷಿಣಹಸ್ತ, ಗ್ರೀಸ್-ತಿಲಕಿತ-ಲಲಾಟ. ಅವನ ರಥವೋ, ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಅವತರಿಸಿ, ತಂದೆಯಿಂದ ಕೈಗೆ ಬಂದು, ಇಳಿಜಾರಿನಲ್ಲಿ ವಾಯುವೇಗವನ್ನೂ ಏರಿನಲ್ಲಿ ವಿಚಾರಶೀಲತೆಯನ್ನೂ ತೋರುವ ಕೆನೆಬಣ್ಣದ ಕಾರು.

ಆ ರಥದ ಇಂಜಿನ್ನಿಗೂ ಕೂರುವವರಿಗೂ ನಡುವಿನ ತಗಡುಗೋಡೆಯ ನೆತ್ತಿಯ ಮೇಲೆ, ಬಾನೆಟ್ ಬಂದು ಕೂರುವ ಅಂಚಿನುದ್ದಕ್ಕೂ, ಬೆರಳು ದಪ್ಪದ ರಬ್ಬರ್ ಪಟ್ಟಿಯೊಂದಿತ್ತು. ಹೊಗೆಯನ್ನು ಒಳಗೆ ಬಿಡದಿರುವುದೇ ಅದರ ಜೀವಿತಧ್ಯೇಯ. ಅರವತ್ತು ವರ್ಷ ಕಾವಲು ಕಾದ ಆ ವೃದ್ಧಭಟ ಕೊನೆಗೆ ಒಣರೊಟ್ಟಿಯಂತೆ ಮುರಿದು ಉದುರಲು, ಹೊಗೆಯು ಒಳನುಗ್ಗಿ, ವೀರಪತ್ನಿ ಪ್ರಮೀಲೆಯ ಮೂಗನ್ನು ವಶಪಡಿಸಿಕೊಂಡಿತು.

"ಈ ಹೊಗಿ ನಿಲ್ಲೂಮಟಾ ನಾ ಈ ಗಾಡಿ ಹತ್ತಂಗಿಲ್ಲ," ಎಂದು ಆಕೆ ಘೋಷಿಸಿದಳು.

ಆಮೇಲೆ ನಾಲ್ಕು ತಿಂಗಳು ನಡೆದದ್ದು ಇದು. ಎರಡು ವಾರಕ್ಕೊಮ್ಮೆ ಶನಿವಾರ ಧಾರವಾಡದ ಅಕ್ಕನ ಮನೆಗೆ ಪ್ರಮೀಲೆ ಬಸ್ಸಿನಲ್ಲಿ ಹೋಗುವಳು. ರುದ್ರಮುನಿ ಬಸ್ಸಿನ ಹಿಂದೆ, ಒಬ್ಬನೇ, ಕಾರಿನಲ್ಲಿ. ಕಂಡಕ್ಟರನು ಒಮ್ಮೆ ಕೇಳಿಯೂ ಬಿಟ್ಟ: "ಅಕ್ಕಾರ, ಆ ಕಾರಿನ್ಯಾಂವ ನಿಮ್ಮನ್ನ ಬೆನ್ನ ಹತ್ಯಾನೇನ್ರಿ?"

"ಮೂವತ್ತೆಂಟು ವರ್ಷದಿಂದ ಹತ್ಯಾನ. ನೀವು ಟಿಕೇಟ್ ಕೊಡ್ರಿ."

ನಗಬೇಡಿ. ರಾಯಾಪುರ ದಾಟುವಾಗ ಆ ಮಹಾಶೂರನು ಹಲವು ಸಲ ಪಕ್ಕಕ್ಕೆ ತಿರುಗಿ, "ಇಲ್ಲಿ ಗಿಡಾ ಕಡದಾರ ನೋಡು," ಎಂದು ಖಾಲಿ ಸೀಟಿಗೆ ಹೇಳಿದ್ದುಂಟು. ಸೀಟು ಏನೂ ಅನ್ನುತ್ತಿರಲಿಲ್ಲ. ಅವನು ಮುಂದಿನ ಊರಿನವರೆಗೆ ಹಾರ್ನ್ ಕೂಡ ಬಾರಿಸುತ್ತಿರಲಿಲ್ಲ.

ಅಂತೂ ಊರೂರು ಹುಡುಕಿಸಿದ ಹೊಸ ಪಟ್ಟಿ ಬಂತು. ಓಣಿಯ ಮೆಕ್ಯಾನಿಕ್ ಮೌಲಾಸಾಬ್, "ಕೊಡ್ರಿ ಸರ, ನಾ ಹಾಕ್ತೀನಿ," ಎಂದು ಕೈಚಾಚಲು, ರುದ್ರಮುನಿಯ ಎದೆ ಉಬ್ಬಿತು.

"ಮೌಲಾ, ಮೂವತ್ತೆರಡು ಟೈಪ್‌ರೈಟರ್ ನಾನ ಬಿಚ್ಚಿ ನಾನ ಜೋಡಿಸಿದಾಂವ ಅದೀನಿ. ಒಂದೊಂದರಾಗ ಸಾವಿರಾರು ಸಾಮಾನು. ಈ ರಬ್ಬರ್ ನನ್ನ ಮುಂದ ನಿಂತೀತೇನು? ನಮ್ಮಪ್ಪನ ಗಾಡಿ ಮ್ಯಾಲ ಬ್ಯಾರೆಯವರ ಕೈ ಬಿದ್ದ ದಿನ ನಾ ಸ್ಟೇರಿಂಗ್ ಹಿಡಿಯೂದು ಬಿಡ್ತೀನಿ."

"ಆತ್ರಿ ಸರ," ಎಂದು ಮೌಲಾಸಾಬ್ ಹೋದ. ಇತಿಹಾಸದಲ್ಲಿ ಇಷ್ಟು ಬೇಗ ಹಿಂದೆ ಸರಿದ ಸೈನ್ಯ ಇನ್ನೊಂದಿಲ್ಲ.

ಗುರುವಾರ ಯುದ್ಧಾರಂಭ. ಅಡುಗೆಮನೆಯಿಂದ ಅಪಹರಿಸಿದ ಮಗಚುವ ಕೈಯಿಂದ ವೀರನು ಹಳೆಯ ಪಟ್ಟಿಯ ಅವಶೇಷಗಳನ್ನು ಸಂಜೆಯವರೆಗೆ ಕೆರೆದನು. ಶುಕ್ರವಾರ ಅಂಟು ಸುರಿದು ಹೊಸ ಪಟ್ಟಿಯನ್ನು ಒತ್ತಲು, ಅದು ಎಡತುದಿಯಲ್ಲಿ ಶರಣಾಗಿ ಬಲತುದಿಯಲ್ಲಿ ಬಂಡೆದ್ದು, ಸರ್ಪದಂತೆ ಚಿಮ್ಮಿ ಕಪಾಳಕ್ಕೆ ಬಡಿಯಿತು. ಮತ್ತೆ ಒತ್ತಿದನು. ಮತ್ತೆ ಬಡಿಯಿತು. ನಿಮಿಷಕ್ಕೆ ಅರವತ್ತು ಶಬ್ದಗಳ ಆ ಸೇನೆಯಲ್ಲಿ ತೋರುಬೆರಳೂ ನಡುಬೆರಳೂ ಪರಸ್ಪರ ಅಂಟಿಕೊಂಡು ಯುದ್ಧದಿಂದ ನಿವೃತ್ತವಾದವು.

ಶನಿವಾರ ಬೆಳಿಗ್ಗೆ ಪ್ರಮೀಲೆ ಚೀಲ ಹಿಡಿದು ಬಾಗಿಲಿಗೆ ಬಂದಳು. ಸ್ವಲ್ಪ ಹೊತ್ತು ಗಂಡನ ಬೆನ್ನನ್ನು ನೋಡಿದಳು.

"ಒಂಬತ್ತೂವರಿ ಬಸ್ಸಿಗೆ ಹೋಗ್ಲೇನು?"

"ಹತ್ತು ನಿಮಿಷ ತಡಿ," ಎಂದನು ವೀರ. ಧ್ವನಿಯಲ್ಲಿ ಗರ್ಜನೆ ಉಳಿದಿರಲಿಲ್ಲ.

ಆಗ ಕಂಪೌಂಡಿನ ಆಚೆಯಿಂದ, ಒಳಗೆ ಬಾರದೆ, ಏನನ್ನೂ ಮುಟ್ಟದೆ, ಮೌಲಾಸಾಬ್ ನುಡಿದ: "ಸರ, ಉಲ್ಟಾ ಹಿಡದೀರಿ. ಪಟ್ಟ್ಯಾಗಿನ ಸೀಳು ಕೆಳಗ ಬರ್ಬೇಕ್ರಿ. ಅಂಟು ಬ್ಯಾಡ. ಹೆಬ್ಬೆಟ್ಟಿಲೆ ಒತ್ಗೋಂತ ಹೋಗ್ರಿ, ತಗಡನ್ನ ತಾನ ಕಚ್ಕೋತೈತಿ."

"ನನಗ ಗೊತ್ತಿತ್ತು. ಅಂಟು ಹೆಂಗೈತಿ ಅಂತ ನೋಡಾಕತ್ತಿದ್ದೆ," ಎಂದು ನುಡಿದು ರುದ್ರಮುನಿ ಪಟ್ಟಿಯನ್ನು ಕಿತ್ತು ತಿರುಗಿಸಿದನು. ಒತ್ತುತ್ತ ಹೋದನು. ಮೌಲಾಸಾಬ್ ಬೀಡಿಗೆ ಕಡ್ಡಿ ಗೀರಿ, ಎರಡು ದಮ್ಮು ಎಳೆಯುವಷ್ಟರಲ್ಲಿ ಮಹಾಯುದ್ಧ ಮುಗಿದು, ಬಾನೆಟ್ 'ಟಪ್' ಎಂದು ಮುಚ್ಚಿತು.

ಪ್ರಮೀಲೆ ಕಾರು ಹತ್ತಿದಳು. ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು, ಇಳಿಯಲು ಸಿದ್ಧಳಾಗಿ, ಹೊಗೆಯ ವಾಸನೆಗೆ ಮೂಗೆಳೆಯುತ್ತ ಕುಳಿತಳು. ಉಣಕಲ್ಲು ಬಂತು, ನವನಗರ ಬಂತು. ರಾಯಾಪುರದ ಹತ್ತಿರ ಅವಳು ಚೀಲವನ್ನು ಕಾಲಬಳಿ ಇಳಿಸಿ, ಸೀಟಿಗೆ ಒರಗಿ, ಕಿಟಕಿಯಾಚೆ ನೋಡಿದಳು.

"ಅಯ್ಯ, ಇಲ್ಲಿ ಗಿಡಾ ಯಾವಾಗ ಕಡದ್ರು?"

ವೀರನು ಖಾಲಿ ರಸ್ತೆಯಲ್ಲಿ ಸುಮ್ಮನೆ ಒಮ್ಮೆ ಹಾರ್ನ್ ಬಾರಿಸಿದನು. ಕಣ್ಣು ಒದ್ದೆಯಾದದ್ದು ಅಂಟಿನ ಘಾಟಿಗೆ ಎಂಬುದು ಅವನದೇ ಹೇಳಿಕೆ. ಆಸ್ಥಾನಕವಿಗಳು ಅದನ್ನು ಪ್ರಶ್ನಿಸಿಲ್ಲ.

ಧಾರವಾಡದಲ್ಲಿ ಅಕ್ಕ ಗೇಟಿಗೆ ಬಂದು, ಇಬ್ಬರೂ ಒಂದೇ ವಾಹನದಿಂದ ಇಳಿಯುವುದನ್ನು ಕಂಡು ಬೆರಗಾಗಿ, "ಗಾಡಿಗೆ ಏನ್ ಮಾಡಿದ್ರಿ?" ಎಂದು ಕೇಳಿದಳು.

ರುದ್ರಮುನಿ ಗಂಟಲು ಸರಿಮಾಡಿಕೊಂಡು, ಅಂಟಿದ ಬೆರಳುಗಳನ್ನು ಮೇಲೆತ್ತಿ, "ಅಕ್ಕಾರ, ಗುರುವಾರ ಮುಂಜಾನೆ ನಾನು..." ಎಂದು ಆರಂಭಿಸಿದನು.

"ಏನಿಲ್ಲಕ್ಕ," ಎಂದಳು ಪ್ರಮೀಲೆ, ಒಳಗೆ ನಡೆಯುತ್ತ. "ಎಂಥಾದ್ದೋ ರಬ್ಬರ್ ಒತ್ಯಾರ. ಚಾ ಇಡು."