ಭಾವನ ವಿಮಾನಕ್ಕೆ ಕಿಲುಬು

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನ ಬಳಿ ಜನ ಎರಡು ಕಾರಣಕ್ಕೆ ಬರಬಹುದು: ಏನನ್ನಾದರೂ ಹಾಳು ಮಾಡುವ ಮೊದಲು, ಅಥವಾ ಹಾಳು ಮಾಡಿದ ಮೇಲೆ. ನಮ್ಮ ಬಳಗದಲ್ಲಿ ಮೊದಲು ಬಂದವರು ಯಾರೂ ಇಲ್ಲ. ಹಾಗಾಗಿ ಮುಂದೆ ಹೇಳುವಂಥವು ನನಗೆ ಆಗುತ್ತಲೇ ಇರುತ್ತವೆ, ಇನ್ನು ನಿಲ್ಲುವ ಲಕ್ಷಣವೂ ಕಾಣುವುದಿಲ್ಲ.

ನಾನು ಇಂಡಿ ಊರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅಕ್ಕನನ್ನು ಬಸವನ ಬಾಗೇವಾಡಿಗೆ ಕೊಟ್ಟಿದೆ. ಭಾವ ಸಕ್ಕರೆ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ಬಿ.ಪಿ. ಮಾಡಿಕೊಳ್ಳುತ್ತಾರೆ. ಭಾವ ವಿಮಾನ ಮಾಡಲು ಕೂತರು. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಮನೆಯಲ್ಲೇ ರಿವೆಟ್ ಹೊಡೆದು ಜೋಡಿಸಬೇಕು. ಇಬ್ಬರು ಕೂರುವ ವಿಮಾನ. ಎರಡನೆಯವರು ಇನ್ನೂ ಸಿಕ್ಕಿಲ್ಲ.

ರೆಕ್ಕೆಯೊಂದು ಪಡಸಾಲೆಯ ಉದ್ದಕ್ಕೂ ಮಲಗುವುದಿತ್ತು. ಅದರ ಮೇಲ್ತಗಡು ಮುಚ್ಚುವ ಮೊದಲು ತಿಳಿದವರೊಬ್ಬರು ಬಂದು ಒಳಗೆಲ್ಲ ತಪಾಸಣೆ ಮಾಡಬೇಕು. ಲೋಹ ಎಲ್ಲಾದರೂ ತಿಂದುಹೋಗಿದ್ದರೆ ರೆಕ್ಕೆ ರದ್ದು. ಇದಕ್ಕೆ ಅಕ್ಕ ತನ್ನ ಷರತ್ತು ಸೇರಿಸಿದಳು.

“ಪಾಸಾದ್ರ ಇರಲಿ. ಫೇಲಾತು ಅಂದ್ರ ರೆಕ್ಕಿ, ಪುಕ್ಕ ಎಲ್ಲಾ ಗುಜರಿಯವಗ. ನನ್ನ ಪಡಸಾಲಿ ನನಗ ಬೇಕು.”

ಭಾವ ನನ್ನ ಮುಖ ನೋಡಿದರು. ಅಲ್ಯುಮಿನಿಯಂ ಕಾಯುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ.

ಬಾಡಿಗೆ ಟೆಂಪೋ

ತಗಡುಗಳ ಪೆಟ್ಟಿಗೆ ಲಾರಿಯಲ್ಲಿ ಇಂಡಿಯವರೆಗೆ ಬಂತು. ಮುಂದೆ ಬಾಗೇವಾಡಿಗೆ ಸಾಗಿಸಲು ಅಗರಖೇಡದ ಟೆಂಪೋದವನೊಬ್ಬನನ್ನು ಹಿಡಿದೆ. ಪೆಟ್ಟಿಗೆಯ ಮುಚ್ಚಳ ಲಾರಿಯಲ್ಲೇ ಒಡೆದಿತ್ತು. “ಒಳಗಿರೋದು ನಾಜೂಕಿನ ಮಾಲು, ಮ್ಯಾಲ ಏನೂ ಹೇರಬ್ಯಾಡ” ಎಂದು ಹೇಳಿ, ನಾನು ಬಸ್ಸಿನಲ್ಲಿ ಹೋದೆ.

ಬಾಗೇವಾಡಿಯಲ್ಲಿ ಟೆಂಪೋದ ಹಿಂಬಾಗಿಲು ತೆಗೆದೆ. ಪೆಟ್ಟಿಗೆಯ ಮೇಲೆ ನಿಂಬೆಹಣ್ಣಿನ ಚೀಲಗಳು. ನಿಂಬೆಗೆ ಹೆಸರಾದ ಇಂಡಿಯಿಂದ ಅರ್ಧ ಖಾಲಿ ಟೆಂಪೋ ಹೊರಡಿಸುವುದು ಅವನ ಮನಸ್ಸಿಗೆ ಒಪ್ಪಿರಲಿಲ್ಲ. ಕೆಳಗಿನ ಚೀಲದ ಹಣ್ಣು ಒಡೆದು ರಸವೆಲ್ಲ ತಗಡಿನ ಮೇಲೆ ಇಳಿದಿತ್ತು.

“ಇದು ಆಮ್ಲ ಅಪ್ಪಾ. ತಗಡ ತಿಂತೈತಿ” ಎಂದೆ.

“ಎಲ್ಲಿ ತಿಂತೈತ್ರಿ? ನಮ್ಮ ಮನ್ಯಾಗ ಜರ್ಮನ್ ಬೋಗಾಣಿಗೆ ನಿಂಬಿಹಣ್ಣ ಹಚ್ಚೇ ತಿಕ್ಕೂದು. ಥಳಥಳ ಆಗತೈತಿ. ನಿಮಗ ಪುಕ್ಕಟ ಆತು.”

ನಮ್ಮ ಕಡೆ ಅಲ್ಯುಮಿನಿಯಂಗೆ ಜರ್ಮನ್ ಎನ್ನುತ್ತಾರೆ. ಯಾಕೆಂದು ಜರ್ಮನಿಯವರಿಗೂ ಗೊತ್ತಿರಲಿಕ್ಕಿಲ್ಲ.

“ಇದು ಬೋಗಾಣಿ ಅಲ್ಲ, ವಿಮಾನ” ಎಂದೆ.

ಅವನು ತಗಡು ನೋಡಿದ. ಭಾವನನ್ನು ನೋಡಿದ. ಆಮೇಲೆ ನನ್ನತ್ತ ತಿರುಗಿ ದನಿ ತಗ್ಗಿಸಿದ. “ನೆಲದ ಮ್ಯಾಲ ಓಡೂ ಟೆಂಪೋಕ್ಕನ ನಾ ಗಾಲಿಗೊಂದ ನಿಂಬಿಹಣ್ಣ ಇಡ್ತೇನ್ರಿ. ಇವರು ಮ್ಯಾಲ ಹೋಗಾವ್ರು. ಒಂದ ಚೀಲ ಸಾಕಾಗತೈತೇನು?”

ತಂಪು

ತಗಡು ತೊಳೆದು ಒರೆಸಿ, ಹಾಳಾದ ಒಂದನ್ನು ತೆಗೆದಿಟ್ಟೆವು. ರೆಕ್ಕೆಯ ಹಂದರ ಎದ್ದಿತು. ಭಾವನಿಗೆ ಎರಡೇ ಮಾತು ಹೇಳಿದ್ದೆ: ತೇವ ಬೇಡ, ಉಪ್ಪು ಬೇಡ.

ಬೇಸಿಗೆಯಲ್ಲಿ ಹೋದರೆ ಪಡಸಾಲೆಯಲ್ಲಿ ದೊಡ್ಡ ಕೂಲರ್ ಭರ್ರೆಂದು ರೆಕ್ಕೆಯ ಮೇಲೆ ಗಾಳಿ ಬಿಡುತ್ತಿತ್ತು. ಕೂಲರಿಗೆ ಬೋರ್‌ವೆಲ್ ನೀರು. ಆ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಕೂಲರಿನ ಹುಲ್ಲಿನ ಮೇಲೆ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಉಪ್ಪು, ನೀರು, ಗಾಳಿ. ಬಾಗೇವಾಡಿಗೆ ಸಮುದ್ರ ಬಹಳ ದೂರ. ಭಾವ ಅದನ್ನು ಮನೆಗೇ ತರಿಸಿಕೊಂಡಿದ್ದರು.

“ಇದೇನು ಮಾಡೀರಿ?” ಎಂದೆ.

“ಬಿಸಲಿಗೆ ತಗಡ ಹಿಗ್ಗತೈತಿ. ರಿವೆಟ್ಟಿನ ತೂತ ಕೂಡಂಗಿಲ್ಲ” ಎಂದರು ಭಾವ.

ಅಡುಗೆಮನೆಯಿಂದ ಅಕ್ಕ ಹೇಳಿದಳು: “ರೆಕ್ಕಿಗೆ ಸೆಕಿ ಆಗತೈತಂತ. ನಾ ಇಲ್ಲಿ ಒಲಿ ಮುಂದ ರೊಟ್ಟಿ ಬಡ್ಯಾಕತ್ತೇನಿ. ನನಗ ರಿವೆಟ್ ಇಲ್ಲ ನೋಡು.”

ಕೂಲರನ್ನು ಎಳೆದು ಅಡುಗೆಮನೆಯ ಬಾಗಿಲಿಗೆ ತಿರುಗಿಸಿದೆ. ಅಕ್ಕ ರಸಾಯನಶಾಸ್ತ್ರವನ್ನು ವಿಜ್ಞಾನ ಎಂದು ಒಪ್ಪಿಕೊಂಡದ್ದು ಅಂದಿನಿಂದ.

ಗಟ್ಟಿ ಜಾಗ

ಪರೀಕ್ಷೆಯ ಕೆಲಸಕ್ಕೆ ಸಿಂದಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಭಾವ ಕಂಡರು. ಯಂಕಂಚಿ ಕಡೆಯಿಂದ ಬರುತ್ತಿದ್ದರು. ಅಂಗಿಯ ಕಿಸೆಯಿಂದ ತಾಮ್ರದ ಹಾಳೆಯೊಂದು ಇಣುಕುತ್ತಿತ್ತು. ಅದರ ಮೇಲೆ ಚೌಕ, ತ್ರಿಕೋನ, ಅಕ್ಷರ.

“ಯಂತ್ರ” ಎಂದರು. “ಅಲ್ಲಿ ಹಿರಿಯರೊಬ್ಬರು ಬರದು ಕೊಡ್ತಾರ. ದೃಷ್ಟಿ ಆಗಬಾರದಂತ. ಇದು ಇನ್ನೊಂದ ರೆಕ್ಕಿಗೆ.”

ಇನ್ನೊಂದು ಎಂದ ಮೇಲೆ ಮೊದಲನೆಯದು ಇರಬೇಕು. ಕೇಳಲು ಭಯವಾಯಿತು. ಕೇಳಿದೆ.

“ಹೋದ ವಾರನ ಬಡದೇನಿ. ನಡುವಿನ ತೊಲಿಗೆ. ಗಟ್ಟಿ ಜಾಗ ನೋಡಿ.”

ವಿಮಾನದ ಭಾರವೆಲ್ಲ ಹೊರುವುದು ರೆಕ್ಕೆಯ ಆ ತೊಲೆ. ಅಲ್ಯುಮಿನಿಯಂಗೆ ತಾಮ್ರ ಒತ್ತಿಕೊಂಡು ಚೂರು ತೇವ ಸಿಕ್ಕರೆ ಅದೊಂದು ಬ್ಯಾಟರಿ. ತಾಮ್ರಕ್ಕೆ ಏನೂ ಆಗುವುದಿಲ್ಲ, ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಚಹಾದಂಗಡಿಯಲ್ಲಿ ಕೂತು ಇದನ್ನು ವಿವರಿಸಿದೆ. ಭಾವ ಬಶಿಗೆ ಚಹಾ ಸುರಿದುಕೊಂಡು ಸಮಾಧಾನವಾಗಿ ಕೇಳಿದರು.

“ಗೊತ್ತೈತಿ. ನಾನೂ ಓದೇನಿ” ಎಂದರು.

“ಗೊತ್ತಿದ್ದೂ ಹೊಡದ್ರಿ?”

“ಹೊಡಿಯೂ ಹೊತ್ತಿಗೆ ನಾ ಇಂಜಿನಿಯರ್ ಇರಲಿಲ್ಲೋ. ಅದರಾಗ ಕೂತು ಮ್ಯಾಲ ಹೋಗಾಂವ ಇದ್ನಿ.”

ಅಂದೇ ಬಾಗೇವಾಡಿಗೆ ಹೋಗಿ ತಾಮ್ರ ಕೀಳಿಸಿದೆ. ತೊಲೆಗೆ ಇನ್ನೂ ಏನೂ ಆಗಿರಲಿಲ್ಲ. ಭಾವ ಎರಡೂ ಯಂತ್ರಗಳನ್ನು ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡರು. ನಾನು ಬೇಡ ಎನ್ನಲಿಲ್ಲ. ಅಲ್ಲಿ ತಿಂದುಹೋಗುವಂಥದ್ದು ಏನೂ ಉಳಿದಿಲ್ಲ.

ತಪಾಸಣೆ

ತಪಾಸಣೆಯ ಹಿಂದಿನ ದಿನ ಅಕ್ಕನ ಅತ್ತೆ, ಅಂದರೆ ಭಾವನ ತಾಯಿ, ಮುದ್ದೇಬಿಹಾಳದಿಂದ ಬಂದರು. ಅಲ್ಲಿ ಕಿರಿಯ ಮಗನ ಮನೆಯಲ್ಲಿರುತ್ತಾರೆ. ಅವರು ತಿಕ್ಕಿದ ಕೊಡದಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದು ಎಂಬ ಮಾತು ಎರಡು ತಾಲೂಕಿನಲ್ಲಿದೆ.

ಲೋಹಕ್ಕೆ ಗಾಳಿ, ನೀರು ತಾಗದಿರಲಿ ಎಂದು ರೆಕ್ಕೆಯ ಒಳಗೆಲ್ಲ ಪ್ರೈಮರ್ ಎಂಬ ಬಣ್ಣ ಬಳಿದಿದ್ದೆವು. ಹಳದಿ ಬೆರೆತ ಹಸಿರು. ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಕಾಣಿಸದೆ ಇಟ್ಟರೆ ಏಳುವ ಕಿಲುಬಿನದೂ ಅದೇ ಬಣ್ಣ. ಇದು ನನಗೆ ಹೊಳೆಯಲಿಲ್ಲ. ಬೆಳಗಿನ ಬಸ್ಸಿಗೆ ಬಂದು ಪಡಸಾಲೆಗೆ ಕಾಲಿಟ್ಟಾಗ ಹೊಳೆಯಿತು. ರೆಕ್ಕೆಯೂ ಹೊಳೆಯುತ್ತಿತ್ತು.

ನನ್ನ ಬೆನ್ನಿಗೇ ತಪಾಸಣೆಯ ಸಾಹೇಬರು ಒಳಗೆ ಬಂದರು. ವಿಮಾನ ದುರಸ್ತಿಯಲ್ಲೇ ತಲೆ ಬೆಳ್ಳಗಾದ, ಮಾತು ಕಡಿಮೆಯ ಮನುಷ್ಯ. ಭಾವ ಬಾಯಿ ತೆರೆಯುವ ಮೊದಲೇ ಮುದುಕಿ ಮುಂದೆ ಬಂದರು.

“ಬರ್ರಿ ಸಾಹೇಬ್ರ. ಮಗ ನಿಮಗ ಹೇಳೂದಿಲ್ಲ, ನಾ ಹೇಳ್ತೇನಿ. ಇದಕ್ಕ ಭಾಳ ಕಿಲುಬು ಹಿಡದಿತ್ತು. ಮುಂಜಾನೆದ್ದು ಅರ್ಧ ತಗದೇನಿ. ಇನ್ನರ್ಧ ಒಳಗೈತಿ, ಕೈ ಹೋಗಲಿಲ್ಲ.”

ಸಾಹೇಬರು ಟಾರ್ಚ್ ಬಿಟ್ಟು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. “ಏನು ಹಚ್ಚಿದ್ರಿ ಅಮ್ಮ?”

“ಮದಲ ಬೂದಿ ಹಚ್ಚಿ ನೋಡ್ದ್ನಿ, ಬಿಡಲಿಲ್ಲ. ಆಮ್ಯಾಲ ಹುಣಸಿಹಣ್ಣು, ಉಪ್ಪು, ಇಟ್ಟಂಗಿ ಪುಡಿ.”

ಕ್ಷಾರ, ಆಮ್ಲ, ಲವಣ. ಮೇಲೆ ಉಜ್ಜಲು ಇಟ್ಟಿಗೆ. ಅಲ್ಯುಮಿನಿಯಂ ಕೊಲ್ಲುವುದು ಹೇಗೆಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆ ಈ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು.

“ಅವ್ವಾರ, ಅದು ಕಿಲುಬಲ್ಲ. ಕಿಲುಬು ಬರಬಾರದಂತ ಹಚ್ಚಿದ ಔಷಧ” ಎಂದೆ.

“ಔಷಧ ಯಾವಾಗ ಹಚ್ತಾರು? ಬ್ಯಾನಿ ಇದ್ದಾಗ.” ಸಾಹೇಬರತ್ತ ತಿರುಗಿದರು. “ಒಪ್ಪಿಕೊಂಡ ನೋಡ್ರಿ.”

ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು. “ಗುಜರಿಯವಗ ಫೋನ್ ಹಚ್ಚಲೇನು?” ಎಂದು ಮೆಲ್ಲಗೆ ಕೇಳಿದಳು. ಭಾವ ರೆಕ್ಕೆಯ ಮೇಲೆ ಕೈ ಇಟ್ಟು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಾಹೇಬರು ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದರು. ಗುಳಿ ಬಿದ್ದಿಲ್ಲ, ಇನ್ನೂ ಸಮಯವಿದೆ ಎಂದರು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಮತ್ತೆ ಬಳಿಯಬೇಕು. ಸಂಜೆ ಹೊರಡುವ ಮುನ್ನ ನೋಡುತ್ತೇನೆ, ಆಗಲೂ ಬರಿ ಲೋಹ ಕಂಡರೆ ಫೇಲ್. ಆಮೇಲೆ ಮುದುಕಿಯತ್ತ ನೋಡಿದರು. ಅವರು ಇಟ್ಟಿಗೆ ಪುಡಿಯ ಡಬ್ಬಿ ಹಿಡಿದು ರೆಕ್ಕೆಯ ಇನ್ನೊಂದು ತುದಿಗೆ ನಡೆದಿದ್ದರು.

“ಅಮ್ಮ ಮಧ್ಯಾಹ್ನ ಮಲಗ್ತಾರಾ?” ಎಂದು ಸಾಹೇಬರು ಅಕ್ಕನನ್ನು ಕೇಳಿದರು.

“ಹೋಳಗಿ ಉಂಡ್ರ ಮಲಗ್ತಾರ” ಎಂದಳು ಅಕ್ಕ.

ಎಲ್ಲರೂ ಅವಳನ್ನೇ ನೋಡಿದೆವು. ಅವಳು ಒಮ್ಮೆ ಪಡಸಾಲೆ ನೋಡಿದಳು. ಒಮ್ಮೆ ಗಂಡನ ಮುಖ ನೋಡಿದಳು. ಒಳಗೆ ಹೋಗಿ ಬೇಳೆ ಬೇಯಲು ಇಟ್ಟಳು.

ಮುದುಕಿ ಉಂಡು ಮಲಗಿದರು. ನಾನು ತೊಳೆದೆ, ಭಾವ ಬಣ್ಣ ಬಳಿದರು. ಸಾಹೇಬರು ಮುದುಕಿ ಮಲಗಿದ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ನಡುವೆ ಒಮ್ಮೆ ಆಕೆ ಮಗ್ಗುಲು ಬದಲಿಸಿ ನೀರು ಕೇಳಿದಾಗ, ಎದ್ದು ಹೊರಗೆ ಬಂದಾರೆಂದು ತಾವೇ ಒಯ್ದು ಕೊಟ್ಟರು. ಬಾಗೇವಾಡಿಯ ಬಿಸಿಲಿಗೆ ಬಣ್ಣ ಬೇಗ ಒಣಗಿತು. ಸಾಹೇಬರು ಬೆಳಕು ಬಿಟ್ಟು ಮೂಲೆ ಮೂಲೆ ನೋಡಿ, ಸಹಿ ಹಾಕಿದರು.

“ಪಾಸ್. ಆದರೆ ತಗಡು ಈಗಲೇ ಮುಚ್ಚಿ, ನನ್ನ ಕಣ್ಣೆದುರಿಗೆ. ಲೋಹ ತಿನ್ನಲು ಹವೆಗೆ ವರ್ಷಗಟ್ಟಲೆ ಬೇಕು. ಅಮ್ಮನಿಗೆ ಒಂದು ಮುಂಜಾನೆ ಸಾಕು.”

ಕೊನೆಯ ರಿವೆಟ್ಟಿನ ಸದ್ದಿಗೆ ಮುದುಕಿ ಎದ್ದು ಬಂದರು. ಮುಚ್ಚಿದ ರೆಕ್ಕೆಯ ಸುತ್ತ ಒಂದು ಸುತ್ತು ಹಾಕಿದರು. ಬೆರಳ ಗಂಟಿನಿಂದ ತಗಡು ಬಡಿದು ಕಿವಿಗೊಟ್ಟರು. ಚಹಾ ಕುಡಿಯುತ್ತಿದ್ದ ಸಾಹೇಬರ ಮುಂದೆ ಬಂದು ನಿಂತರು.

“ಕಿಲುಬು ಒಳಗ ಹಂಗ ಐತಿ. ಮ್ಯಾಲ ತಗಡ ಹಾಕಿ, ಸಹಿ ಮಾಡಿ, ಚಾ ಕುಡ್ಯಾಕತ್ತೀರಿ.” ಸೊಸೆಯ ಕಡೆ ತಿರುಗಿದರು. “ನೋಡವಾ, ಗಂಡಸರು ಪಾತ್ರಿ ತಿಕ್ಕಿದ್ರ ಹಿಂಗ.”